ಡಬ್ಬ ಎಣಿಸಿದವನ ಪಾಠ

ಕಳೆದ ಬೇಸಿಗೆ ರಜೆಯಲ್ಲಿ ಗೆಳೆಯರೆಲ್ಲ ಇಂಟರ್ನ್‌ಶಿಪ್ ಹುಡುಕುತ್ತಿದ್ದರು. ನಾನು ಕ್ರೈಸ್ತ ಮಿಷನರಿ ಸಿಸ್ಟರ್‌ಗಳು ಹಳ್ಳಿಗಳಲ್ಲಿ ನಡೆಸುವ ಆರೋಗ್ಯ ಶಿಬಿರಕ್ಕೆ ಸಹಾಯಕನಾಗಿ ಹೋದೆ. ಅವರ ಧರ್ಮ ನನ್ನದಲ್ಲ, ಯಾರೂ ಅದನ್ನು ಕೇಳಲೂ ಇಲ್ಲ. ಔಷಧಿ ಡಬ್ಬಗಳಿಗೆ ಚೀಟಿ ಅಂಟಿಸುವುದು, ಟೋಕನ್ ಬರೆಯುವುದು, ವ್ಯಾನಿಗೆ ಸಾಮಾನು ತುಂಬುವುದು ನನ್ನ ಕೆಲಸ. ಬಿಇ ಓದುವವನಿಗೆ ಇದೆಂಥ ಕೆಲಸ ಎಂಬ ಬೇಸರ ಒಳಗೊಳಗೇ ಇತ್ತು.

ಒಂದು ಬೆಳಿಗ್ಗೆ ಪಟ್ಟಿ ನೋಡದೆ ಸಾಮಾನು ತುಂಬಿದೆ. ಬಿಪಿ ಮಾತ್ರೆಯ ಡಬ್ಬ ಉಳಿದುಹೋಯಿತು. ಬಿಸಿಲಲ್ಲಿ ನಡೆದು ಬಂದಿದ್ದ ಅಜ್ಜಿಯೊಬ್ಬರು ಬರಿಗೈಲಿ ಮರಳಿದರು. ಸಿಸ್ಟರ್ ಬೈಯಲಿಲ್ಲ. ‘ನಾಳೆ ನರ್ಸ್ ಜೊತೆ ಅವರ ಮನೆಗೆ ಹೋಗಿ ಬಾಪ್ಪಾ’ ಎಂದರು, ಅಷ್ಟೆ. ಹೋಗಿ ಬಂದೆ. ಆಮೇಲೆ ಒಂದು ದಿನವೂ ಪಟ್ಟಿ ನೋಡದೆ ವ್ಯಾನ್ ಹೊರಡಲಿಲ್ಲ.

ಆಗ ನೆನಪಾದವರು ಕಿಟ್ಟೆಲ್. ಅವರೂ ಮಿಷನರಿಯೇ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಎಲ್ಲರೂ ಬಲ್ಲೆವು. ಆದರೆ ಅದರ ಪುಟಪುಟಕ್ಕೂ ಅಚ್ಚಿನ ಮೊಳೆ ಜೋಡಿಸಿದವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವರು ಒಂದು ಮೊಳೆ ತಪ್ಪಿದ್ದರೂ ಪದ ಕೆಡುತ್ತಿತ್ತು.

ರೆಸ್ಯೂಮೆಯಲ್ಲಿ ನಾವೆಲ್ಲ ‘ಟೀಂ ಲೀಡರ್’ಗಳೇ. ಡಬ್ಬ ಎಣಿಸಿದವರು ಯಾರೂ ಇಲ್ಲ! ನಾನು ಮಾತ್ರ ‘ಔಷಧಿ ಪಟ್ಟಿ ಪರಿಶೀಲನೆ’ ಎಂದು ಬರೆದುಕೊಂಡಿದ್ದೇನೆ. ಸಂದರ್ಶನದಲ್ಲಿ ಯಾರಾದರೂ ನಕ್ಕರೆ, ಆ ಅಜ್ಜಿಯ ಕತೆ ಹೇಳುತ್ತೇನೆ.