ಎರಡನೇ ಸಲ ನೀರಿಗೆ ಇಳಿಯಬೇಕಾ?

ಬೆಂಗಳೂರಿಗೆ ಕೆಲಸಕ್ಕೆ ಬಂದ ಸಿಎಸ್‌ಐ ಹುಡುಗ ಹುಡುಗಿಯರಿಗೆ ಈ ಪ್ರಶ್ನೆ ಹೊಸದೇನಲ್ಲ. ಫ್ರೆಂಡ್ ಕರೆದ್ರು ಅಂತ ಪಿಜಿ ಹತ್ತಿರದ ಯಾವುದೋ ಸಭೆಗೆ ಹೋಗ್ತೀರಿ. ಹಾಡು ಚೆನ್ನಾಗಿರುತ್ತೆ, ಜನ ಪ್ರೀತಿಯಿಂದ ಮಾತಾಡಿಸ್ತಾರೆ. ಮೂರ್ನಾಲ್ಕು ಭಾನುವಾರ ಕಳೆದ ಮೇಲೆ ಯಾರೋ ಮೆಲ್ಲಗೆ ಕೇಳ್ತಾರೆ: "ದೀಕ್ಷಾಸ್ನಾನ ಆಗಿದೆಯಾ?" ಆಗಿದೆ, ಮೂರು ತಿಂಗಳ ಮಗು ಇದ್ದಾಗ ಅಂತೀರಿ. "ಅದಲ್ಲ, ನೀವೇ ನಂಬಿ ತಗೊಂಡಿದ್ದೀರಾ?" ಅಂತ ಮರುಪ್ರಶ್ನೆ ಬರುತ್ತೆ.

ನಮ್ಮ ಮನೆಯಲ್ಲಿ ಈಗ ನಡೀತಿರೋದು ಇದೇ. ಪೂರ್ತಿ ಮುಳುಗಿ ದೀಕ್ಷಾಸ್ನಾನ ತಗೋತೀನಿ ಅಂತ ತಂಗಿ ಫೋನ್‌ನಲ್ಲಿ ಹೇಳಿದಾಗಿನಿಂದ ಅವ್ವನಿಗೆ ಸಮಾಧಾನ ಇಲ್ಲ. ನಮ್ಮದು ಬೆಟಗೇರಿ ಕಡೆಯ ಹಳೇ ಬಾಸೆಲ್ ಮಿಷನ್ ಮನೆತನ. "ಹಂಗಾರ ಅವತ್ತು ನಾ ನಿನ್ನ ಎತ್ಕೊಂಡು ನಿಂತಿದ್ದು ಸುಳ್ಳೇನು?" ಅನ್ನೋದು ಅವ್ವನ ಪ್ರಶ್ನೆ. "ಸುಳ್ಳಲ್ಲವ್ವ, ಅದು ನಿನ್ನ ನಂಬಿಕಿ. ನಂದು ಯಾವಾಗ?" ಅನ್ನೋದು ತಂಗಿಯ ಉತ್ತರ. ಇಬ್ಬರೂ ಅಳ್ತಾರೆ, ಇಬ್ಬರೂ ನನಗೆ ಫೋನ್ ಮಾಡ್ತಾರೆ. ಅದಕ್ಕೇ ಈ ಸಲದ ಅಂಕಣ.

ಕ್ರೈಸ್ತರಲ್ಲದ ಓದುಗರಿಗೆ ಮೊದಲು ಒಂದು ಮಾತು. ನಾವು 'ಹೊಸ ಹುಟ್ಟು' ಅಂದಾಗ ಆಫೀಸಿನ ಗೆಳೆಯರು ಪುನರ್ಜನ್ಮ ಅಂದ್ಕೋತಾರೆ. ಅದಲ್ಲ. ಸತ್ತ ಮೇಲೆ ಇನ್ನೊಂದು ದೇಹ ಸಿಗೋ ವಿಷಯ ಇದಲ್ಲ, ಈ ಜನ್ಮದಲ್ಲೇ ಬದುಕು ಬೇರೆ ಆಗೋ ವಿಷಯ. ಯೋಹಾನನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ನಿಕೊದೇಮ ಎಂಬ ದೊಡ್ಡ ಪಂಡಿತ ರಾತ್ರಿ ಹೊತ್ತು ಯೇಸುವಿನ ಹತ್ತಿರ ಬರ್ತಾನೆ. ಹೊಸದಾಗಿ ಹುಟ್ಟಬೇಕು ಅಂತ ಯೇಸು ಹೇಳಿದಾಗ, ಮುದುಕನಾದವನು ತಾಯಿಯ ಹೊಟ್ಟೆಗೆ ವಾಪಸ್ ಹೋಗೋದು ಹೇಗೆ ಅಂತ ಕೇಳ್ತಾನೆ. ಅಲ್ಲಿರೋ ಗ್ರೀಕ್ ಪದ 'ಆನೋಥೆನ್'. ಅದಕ್ಕೆ 'ಮತ್ತೆ' ಅನ್ನೋ ಅರ್ಥವೂ ಇದೆ, 'ಮೇಲಿನಿಂದ' ಅನ್ನೋ ಅರ್ಥವೂ ಇದೆ. ನಿಕೊದೇಮನ ಕಿವಿಗೆ ಬಿದ್ದಿದ್ದು ಮೊದಲನೇದು ಮಾತ್ರ. ಯೇಸುವಿನ ಉತ್ತರ ನೀರು ಮತ್ತು ಆತ್ಮದ ಕಡೆ, ಅಂದ್ರೆ ದೇವರಿಂದ ಬರೋ ಹುಟ್ಟಿನ ಕಡೆ ಹೋಗುತ್ತೆ.

ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿ ಇನ್ನೊಂದು ಚಿತ್ರ ಕೊಡ್ತಾನೆ. ದೀಕ್ಷಾಸ್ನಾನ ಅಂದ್ರೆ ಕ್ರಿಸ್ತನ ಜೊತೆ ಸಮಾಧಿಯಾಗಿ ಅವನ ಜೊತೆ ಹೊಸ ಬದುಕಿಗೆ ಏಳೋದು. ನೀರಿಗೆ ಇಳಿಯೋದು ಸಾವು, ಮೇಲೆ ಬರೋದು ಹುಟ್ಟು. ಪೂರ್ತಿ ಮುಳುಗಬೇಕು ಅನ್ನೋ ಸಭೆಗಳಿಗೆ ಈ ಚಿತ್ರ ತುಂಬಾ ಇಷ್ಟ, ಸಹಜವೇ. ಆದ್ರೆ ನೀರು ಎಷ್ಟಿರಬೇಕು ಅನ್ನೋದರ ಬಗ್ಗೆ ಮೊದಲ ಕ್ರೈಸ್ತರು ನಮ್ಮಷ್ಟು ಜಗಳ ಆಡಿರಲಿಲ್ಲ. 'ದಿದಾಖೆ' ಅನ್ನೋ ಬಹಳ ಹಳೇ ಕೈಪಿಡಿಯಲ್ಲಿ ಹರಿಯೋ ನೀರು ಉತ್ತಮ, ಇಲ್ಲದಿದ್ರೆ ಬೇರೆ ನೀರು, ತಣ್ಣೀರು ಆಗದಿದ್ರೆ ಬಿಸಿನೀರು, ಯಾವುದೂ ಸಾಕಷ್ಟು ಇಲ್ಲದಿದ್ರೆ ತಲೆ ಮೇಲೆ ಮೂರು ಸಲ ಸುರಿದ್ರೂ ಆಯ್ತು ಅಂತಿದೆ.

ಹಾಗಾದ್ರೆ ನಿಜವಾದ ಜಗಳ ನೀರಿನದಲ್ಲ. ಯಾರು ನಂಬಿದ್ರು ಅನ್ನೋದರದ್ದು.

ತಂಗಿಯ ಕಡೆ ಗಟ್ಟಿಯಾದ ವಾದ ಇದೆ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಐಥಿಯೋಪ್ಯದ ಅಧಿಕಾರಿ ಫಿಲಿಪ್ಪನಿಂದ ಸುವಾರ್ತೆ ಕೇಳಿ, ದಾರಿಯಲ್ಲಿ ನೀರು ಕಂಡ ಕೂಡಲೇ ತಾನೇ ದೀಕ್ಷಾಸ್ನಾನ ಕೇಳ್ತಾನೆ. ಕೇಳಿದ, ನಂಬಿದ, ಇಳಿದ. ಈ ಕ್ರಮಕ್ಕಾಗಿ ಜನ ಪ್ರಾಣ ಕೊಟ್ಟಿದ್ದಾರೆ. 1525ರಲ್ಲಿ ಜ್ಯೂರಿಚ್‌ನಲ್ಲಿ ಕೆಲವರು ಶಿಶುವಾಗಿದ್ದಾಗ ಆದದ್ದನ್ನು ಒಪ್ಪದೆ ಮತ್ತೆ ದೀಕ್ಷಾಸ್ನಾನ ತಗೊಂಡ್ರು. ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರ ಜನವರಿಯಲ್ಲಿ ಊರಿನ ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದ್ರು. ಕೊಲ್ಲಿಸಿದವರೂ ಕ್ರೈಸ್ತರೇ. 2004ರಲ್ಲಿ ಜ್ಯೂರಿಚ್‌ನ ರಿಫಾರ್ಮ್ಡ್ ಸಭೆ ಇದಕ್ಕೆ ಕ್ಷಮೆ ಕೇಳಿತು.

ನಮ್ಮ ದೇಶದ ಉದಾಹರಣೆಯೂ ಇದೆ. 1812ರಲ್ಲಿ ಅಡೋನಿರಾಮ್ ಜಡ್ಸನ್ ಮತ್ತು ಹೆಂಡತಿ ಆ್ಯನ್ ಮಿಷನರಿಗಳಾಗಿ ಅಮೆರಿಕದಿಂದ ಹಡಗು ಹತ್ತಿದ್ರು. ಅವರನ್ನ ಕಳಿಸಿದ್ದು ಶಿಶು ದೀಕ್ಷಾಸ್ನಾನ ಒಪ್ಪುವ ಸಭೆ. ಪ್ರಯಾಣದಲ್ಲಿ ಬೈಬಲ್ ಓದ್ತಾ ಓದ್ತಾ ಜಡ್ಸನ್ ಮನಸ್ಸು ಬದಲಾಯ್ತು. ಕೊನೆಗೆ ಇಬ್ಬರೂ ಕಲ್ಕತ್ತಾದಲ್ಲಿ ಮುಳುಗಿ ದೀಕ್ಷಾಸ್ನಾನ ತಗೊಂಡ್ರು, ಕಳಿಸಿದ ಸಂಸ್ಥೆಯ ನಂಟು ಬಿಟ್ರು. ಇಂಥವರನ್ನ 'ಹೊಸ ಸಭೆಯ ಹುಚ್ಚು' ಅಂತ ತಳ್ಳಿಹಾಕೋಕೆ ಆಗಲ್ಲ.

ಅವ್ವನ ಕಡೆಯೂ ವಾದ ಇದೆ, ಆಕೆಗೆ ಅದನ್ನ ಹೇಳೋಕೆ ಬರಲ್ಲ ಅಷ್ಟೇ. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ಲುದ್ಯಳ ಮನೆಯವರೆಲ್ಲ, ಸೆರೆಮನೆ ಅಧಿಕಾರಿಯ ಮನೆಯವರೆಲ್ಲ ಒಟ್ಟಿಗೆ ದೀಕ್ಷಾಸ್ನಾನ ಪಡೀತಾರೆ. ಆ ಮನೆಗಳಲ್ಲಿ ಮಕ್ಕಳಿದ್ವಾ ಅಂತ ಪಂಡಿತರು ಇವತ್ತಿಗೂ ವಾದ ಮಾಡ್ತಾರೆ. ಆದ್ರೆ ಅವ್ವನ ಮಾತಿನ ತಿರುಳು ಬೇರೆ: ಯಾವ ಮಗು ತಾನೇ ತೀರ್ಮಾನ ಮಾಡಿ ಹುಟ್ಟುತ್ತೆ? ನಾವು ಕೇಳೋ ಮೊದಲೇ ದೇವರು ನಮ್ಮನ್ನ ಬಯಸಿದ ಅನ್ನೋದಕ್ಕೆ, ಏನೂ ಗೊತ್ತಿಲ್ಲದ ಕೂಸಿನ ತಲೆ ಮೇಲೆ ಬೀಳೋ ನೀರಿಗಿಂತ ಸ್ಪಷ್ಟ ಗುರುತು ಇನ್ನೇನಿದೆ? ಕನ್ನಡದ 'ದೀಕ್ಷೆ' ಅನ್ನೋ ಪದದಲ್ಲೇ ಇದು ಇದೆ. ದೀಕ್ಷೆಯನ್ನ ಯಾರೂ ತಮಗೆ ತಾವೇ ಕೊಟ್ಕೊಳ್ಳೋಕೆ ಆಗಲ್ಲ, ಇನ್ನೊಬ್ಬರ ಕೈಯಿಂದಲೇ ಪಡೀಬೇಕು.

ಮಗುವಿನ ಉತ್ತರವನ್ನ ಸಭೆ ಮರೆತೂ ಇಲ್ಲ. ನಮ್ಮ ಕಡೆ ಲಿಂಗಾಯತ ಮನೆಗಳಲ್ಲಿ ಹುಟ್ಟಿದ ಕೂಸಿಗೆ ಲಿಂಗ ಕಟ್ಟಿ, ಬೆಳೆದ ಮೇಲೆ ದೀಕ್ಷೆ ಕೊಡಿಸೋದನ್ನ ನೋಡಿರ್ತೀರಿ. ಸಿಎಸ್‌ಐನಲ್ಲೂ ಬೆಳೆದ ಮೇಲೆ ದೃಢೀಕರಣ ಇದೆ. ಅಪ್ಪ ಅವ್ವ ನನ್ನ ಪರವಾಗಿ ಆಡಿದ ಮಾತನ್ನ ಅವತ್ತು ನಾನೇ ನನ್ನ ಬಾಯಿಂದ ಹೇಳ್ತೀನಿ. ತೊಂದರೆ ಏನಂದ್ರೆ, ನಮ್ಮಲ್ಲಿ ಎಷ್ಟೋ ಜನಕ್ಕೆ ಅದು ಎಸ್ಸೆಸ್ಸೆಲ್ಸಿ ವಯಸ್ಸಿನಲ್ಲಿ ಬಿಳಿ ಬಟ್ಟೆ ಹಾಕ್ಕೊಂಡು ಫೋಟೊ ತೆಗೆಸ್ಕೊಂಡ ದಿನ ಅಷ್ಟೇ. ತಂಗಿ ಹುಡುಕ್ತಿರೋದು ಅಲ್ಲಿ ತಪ್ಪಿಹೋದ ಆ ಗಳಿಗೆಯನ್ನ.

ಸಭೆಗಳೂ ದಾರಿ ಹುಡುಕಿವೆ. 1970ರಲ್ಲಿ ಹುಟ್ಟಿದ ಉತ್ತರ ಭಾರತ ಸಭೆ ಬ್ಯಾಪ್ಟಿಸ್ಟರನ್ನೂ ಸೇರಿಸ್ಕೊಂಡಿತು, ಶಿಶು ದೀಕ್ಷಾಸ್ನಾನ ಮತ್ತು ನಂಬಿದವರ ದೀಕ್ಷಾಸ್ನಾನ ಎರಡನ್ನೂ ಒಪ್ಪಿತು. 1982ರಲ್ಲಿ ಪೆರು ದೇಶದ ಲಿಮಾದಲ್ಲಿ ಬೇರೆಬೇರೆ ಸಭೆಗಳ ದೇವತಾಶಾಸ್ತ್ರಿಗಳು ಸೇರಿ, ಒಮ್ಮೆ ಆದ ದೀಕ್ಷಾಸ್ನಾನವನ್ನ ಮತ್ತೆ ಮಾಡಿದ ಹಾಗೆ ಕಾಣೋ ಯಾವುದನ್ನೂ ಮಾಡಬಾರದು ಅಂದ್ರು. ಕಥೊಲಿಕ ಸಭೆಯೂ ನೀರಿನಿಂದ, ತಂದೆ ಮಗ ಪವಿತ್ರಾತ್ಮನ ಹೆಸರಿನಲ್ಲಿ ಸರಿಯಾಗಿ ಆದ ಬೇರೆ ಸಭೆಯವರ ದೀಕ್ಷಾಸ್ನಾನವನ್ನ ಮತ್ತೆ ಮಾಡಲ್ಲ. ಮುಳುಗಿಸೋ ಸಭೆಗಳ ಉತ್ತರ ನೇರ: ಇದು ಎರಡನೇದಲ್ಲ, ನಮ್ಮ ಲೆಕ್ಕದಲ್ಲಿ ಇದೇ ಮೊದಲನೇದು. ಅವ್ವನಿಗೆ ಚುಚ್ಚೋದು ಸರಿಯಾಗಿ ಈ ಮಾತೇ.

ನನ್ನ ಅಭಿಪ್ರಾಯ ಹೇಳ್ತೀನಿ. ನಾನು ಎರಡನೇ ಸಲ ಇಳಿಯಲ್ಲ. ನೆನಪಿಲ್ಲದ ವಯಸ್ಸಿನಲ್ಲಿ ಸಿಕ್ಕಿದ್ದು ಅನ್ನೋ ಕಾರಣಕ್ಕೆ ಅವ್ವನ ಎದೆಹಾಲು ಸುಳ್ಳಾಗಲ್ಲ, ಆ ನೀರೂ ಸುಳ್ಳಾಗಲ್ಲ. ಆದ್ರೆ ಸಿಕ್ಕಿದ್ದನ್ನ ಬಳಸದೆ ಇಟ್ರೆ ಸರ್ಟಿಫಿಕೇಟ್ ಮಾತ್ರ ಉಳಿಯುತ್ತೆ, ಮದುವೆ ಹೊತ್ತಿಗೆ ಹುಡುಕೋಕೆ. ಲೂಥರ್ 1529ರ ತನ್ನ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ, ನಮ್ಮೊಳಗಿನ ಹಳೇ ಮನುಷ್ಯ ದಿನಾ ಮುಳುಗಿ ಸಾಯಬೇಕು, ಹೊಸಬ ದಿನಾ ಏಳಬೇಕು ಅನ್ನೋ ಅರ್ಥದಲ್ಲಿ ಬರೀತಾನೆ. ಆಫೀಸಲ್ಲಿ ಇನ್ನೊಬ್ಬರ ಕೆಲಸವನ್ನ ನನ್ನದು ಅಂತ ತೋರಿಸ್ಕೊಳ್ಳೋ ಆಸೆ, ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣನ ಮೇಲಿನ ಸಿಟ್ಟು, ಇವು ಸಾಯಬೇಕಾದ ನೀರು ಅದು. ತೊಟ್ಟಿಯ ಆಳ ಇದಕ್ಕೆ ಸಂಬಂಧ ಇಲ್ಲ.

ತಂಗಿ ಇನ್ನೂ ತೀರ್ಮಾನ ಮಾಡಿಲ್ಲ. ಅದು ಅವಳದ್ದೇ, ಅವಳು ಇಳಿದ್ರೂ ನನ್ನ ತಂಗಿಯೇ.

ಇದೇ ಪ್ರಶ್ನೆ ಇಟ್ಕೊಂಡು ಕೂತಿರೋ ಓದುಗರೇ, ದಿನಾಂಕ ಗೊತ್ತು ಮಾಡೋ ಮೊದಲು ಎರಡು ಕೆಲಸ ಮಾಡಿ. ಊರಿನ ಸಭಾಪಾಲಕರ ಹತ್ತಿರ ಕೂತು, ದೀಕ್ಷಾಸ್ನಾನದ ಪ್ರತಿಜ್ಞೆಯನ್ನ ಸಭೆಯ ಮುಂದೆ ನವೀಕರಿಸೋ ದಾರಿ ಇದೆಯಾ ಕೇಳಿ. ಆಮೇಲೆ ಮನೆಗೆ ಹೋಗಿ, ವಾಟ್ಸಾಪ್‌ನಲ್ಲಿ ಅಲ್ಲ, ಎದುರು ಕೂತು, ಅವತ್ತು ಏನೇನು ಆಯ್ತು ಅಂತ ಅಪ್ಪ ಅಮ್ಮನ ಬಾಯಿಂದ ಪೂರ್ತಿ ಕೇಳಿಸ್ಕೊಳ್ಳಿ. ತಂದೆ ತಾಯಂದಿರಿಗೂ ಒಂದು ಮಾತು: ಮಗಳು ನಂಬಿಕೆಯ ಬಗ್ಗೆ ಇಷ್ಟು ತಲೆ ಕೆಡಿಸ್ಕೊಂಡಿದ್ದಾಳೆ ಅಂದ್ರೆ, ನೀವು ಅವತ್ತು ಮಾಡಿದ ಪ್ರಾರ್ಥನೆ ಬಹುಶಃ ಕೆಲಸ ಮಾಡ್ತಿದೆ.