ಕುಡಿತದ ಚಿಕಿತ್ಸೆ ಊರಿನ ಹತ್ತಿರವೇ ಏಕಿರಬಾರದು?

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಅಲ್ಲಿಯ ಅವಸರವೂ ಪರಿಚಿತವೇ. ಹಸಿಗೂಡು ಯಾರಿಗಾಗಿಯೂ ಕಾಯುವುದಿಲ್ಲ. ಒಳಗಿನ ಜೀವ ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬರುವ ಮೊದಲೇ ಕೆಲಸ ನಡೆಯಬೇಕು. ನೂಲು ಬಿಚ್ಚುವ ಕೆಲಸಗಾರನಾದರೋ ದಿನಗೂಲಿಯವನು. ಒಂದು ದಿನ ಬಾರದಿದ್ದರೆ ಆ ದಿನದ ಕೂಲಿ ಇಲ್ಲ. ಒಂದು ತಿಂಗಳು ಬಾರದಿದ್ದರೆ ಅವನ ಜಾಗದಲ್ಲಿ ಬೇರೊಬ್ಬನು ಕುಳಿತಿರುತ್ತಾನೆ. ಇಂತಹ ಒಬ್ಬನಿಗೆ ಕುಡಿತ ಅಂಟಿಕೊಂಡಿದೆಯೆಂದೂ ಅದನ್ನು ಬಿಡುವ ಮನಸ್ಸು ಅವನಿಗೆ ಇದೆಯೆಂದೂ ಭಾವಿಸೋಣ. “ಬೆಂಗಳೂರಿಗೆ ಹೋಗಿ ಒಂದು ತಿಂಗಳು ಆಸ್ಪತ್ರೆ ಸೇರು” ಎಂದು ನಾವು ಉಪದೇಶಿಸಿದರೆ, ಆ ತಿಂಗಳು ಅವನ ಮನೆಯ ಒಲೆ ಹೇಗೆ ಉರಿಯಬೇಕೆಂಬುದನ್ನೂ ನಾವೇ ಹೇಳಬೇಕಾಗುತ್ತದೆ. ಅದನ್ನು ಹೇಳಲಾರೆವು. ಅವನು ಹೋಗುವುದಿಲ್ಲ. “ಅವನಿಗೆ ಬಿಡುವ ಇಚ್ಛೆಯೇ ಇಲ್ಲ” ಎಂದು ಊರು ತೀರ್ಪು ಕೊಡುತ್ತದೆ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿದೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವನು 180 ಮಂದಿಗೆ ಒಬ್ಬ. ಎಷ್ಟು ಹಾಸಿಗೆಗಳನ್ನು ಹೆಚ್ಚಿಸಿದರೂ ಈ ಅಂತರ ತುಂಬುವುದುಂಟೆ? ಆದುದರಿಂದ ಈ ವ್ಯಾಧಿಯ ಚಿಕಿತ್ಸೆಗೆ ಮುಖ್ಯ ಸ್ಥಾನ ದೂರದ ನಗರದ ಹಾಸಿಗೆಯಲ್ಲ, ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗ ಎಂಬುದು ನಮ್ಮ ಅಭಿಪ್ರಾಯ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳಲ್ಲಿಯೂ ಅಂತಹ ಆಸ್ಪತ್ರೆಗಳಿವೆ.

ಇದನ್ನು ‘ವ್ಯಾಧಿ’ ಎಂದು ಕರೆದುದಕ್ಕೆ ಕಾರಣ ಹೇಳಬೇಕು. ನಮ್ಮ ಮಿದುಳಿನಲ್ಲಿ ನರಕೋಶಗಳ ಉದ್ರೇಕವನ್ನು ತಗ್ಗಿಸುವ ಏರ್ಪಾಡೊಂದೂ ಹೆಚ್ಚಿಸುವ ಏರ್ಪಾಡೊಂದೂ ಉಂಟು. ತಗ್ಗಿಸುವುದರ ಮುಖ್ಯ ದೂತ ಗಾಬಾ ಎಂಬ ರಾಸಾಯನಿಕ, ಹೆಚ್ಚಿಸುವುದರದು ಗ್ಲುಟಮೇಟ್. ಮದ್ಯಸಾರವು ಮೊದಲನೆಯದಕ್ಕೆ ಬಲಕೊಟ್ಟು ಎರಡನೆಯದನ್ನು ಅಡಗಿಸುತ್ತದೆ. ದಿನವೂ ಹೀಗಾಗುತ್ತಿದ್ದರೆ ಮಿದುಳು ಸುಮ್ಮನಿರದು. ಸರಿತೂಗಿಸುವುದಕ್ಕಾಗಿ ತಾನೇ ಉದ್ರೇಕದ ಕಡೆಗೆ ವಾಲುತ್ತದೆ. ಎದುರಿನಿಂದ ಒಬ್ಬನು ತಳ್ಳುತ್ತಿರುವಾಗ ನಾವು ಮುಂದಕ್ಕೆ ಬಾಗಿ ನಿಂತಿರುತ್ತೇವೆ. ಅವನು ತಟ್ಟನೆ ಸರಿದರೆ ಮುಗ್ಗರಿಸುತ್ತೇವಲ್ಲವೆ? ಬಹುಕಾಲ ಕುಡಿದವನು ಒಮ್ಮೆಲೇ ನಿಲ್ಲಿಸಿದಾಗ ಆಗುವುದೂ ಇದೇ. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರೆಗೇಡು ತೋರುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಮೂರ್ಛೆಯ ಸೆಳೆತ ಬರಬಹುದು. ಇನ್ನು ಕೆಲವರಿಗೆ ಎರಡರಿಂದ ನಾಲ್ಕು ದಿನಗಳೊಳಗೆ ಸನ್ನಿ ಹಿಡಿದು, ಇಲ್ಲದ ಹುಳುಗಳು ಮೈಮೇಲೆ ಹರಿದಂತೆ ಕಾಣುವುದುಂಟು. ಚಿಕಿತ್ಸೆಯಿಲ್ಲದಿದ್ದರೆ ಇದು ಪ್ರಾಣಾಂತಿಕ.

2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ನಿಮಿತ್ತ ಮದ್ಯದಂಗಡಿಗಳು ಏಕಾಏಕಿ ಮುಚ್ಚಿದಾಗ ಇದನ್ನು ಕಣ್ಣಾರೆ ನೋಡಿದ್ದಾಯಿತು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂತಹ ತೀವ್ರಲಕ್ಷಣಗಳೊಡನೆ ಬಂದವರ ಸಂಖ್ಯೆ ಸುಮಾರು ಎರಡರಷ್ಟಾಯಿತೆಂದು ವೈದ್ಯರು ವರದಿ ಮಾಡಿದ್ದಾರೆ. ಮನೆಯವರು ಸಿಟ್ಟಿನಿಂದಲೋ ಪ್ರೀತಿಯಿಂದಲೋ ಕುಡುಕನನ್ನು ಕೋಣೆಯಲ್ಲಿ ಕೂಡಿಹಾಕುವ ಪದ್ಧತಿ ಎಷ್ಟು ಅಪಾಯಕರವೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಎಲ್ಲರೂ ಆಸ್ಪತ್ರೆಯಲ್ಲಿ ಮಲಗಲೇಬೇಕೆ? ಬೇಕಿಲ್ಲ. ಹಿಂದೆ ಸೆಳೆತ ಅಥವಾ ಸನ್ನಿ ಬಂದಿದ್ದವರು, ಯಕೃತ್ತು ಹೃದಯಗಳ ಕಾಯಿಲೆಯುಳ್ಳವರು, ಆತ್ಮಹತ್ಯೆಯ ಯೋಚನೆಯಲ್ಲಿರುವವರು, ನೋಡಿಕೊಳ್ಳಲು ಯಾರೂ ಇಲ್ಲದವರು – ಇವರನ್ನು ಒಳರೋಗಿಗಳಾಗಿಯೇ ಸೇರಿಸತಕ್ಕದ್ದು. ಉಳಿದ ಬಹುಮಂದಿಗೆ, ವೈದ್ಯರು ಪರೀಕ್ಷಿಸಿ ಕ್ಲೋರ್‌ಡಯಾಜೆಪಾಕ್ಸೈಡಿನಂತಹ ಔಷಧಿಯನ್ನು ದಿನದಿನಕ್ಕೆ ಇಳಿಸುತ್ತ ಒಂದು ವಾರ ಕೊಟ್ಟು, ಜೊತೆಗೆ ಬಿ1 ಜೀವಸತ್ವವನ್ನು ಒದಗಿಸಿದರೆ, ಮನೆಯಲ್ಲಿದ್ದುಕೊಂಡೇ ಈ ಕಂಟಕವನ್ನು ದಾಟಬಹುದು. ಮಾತ್ರೆಗಳು ಮನೆಯ ಹೊಣೆಗಾರರೊಬ್ಬರ ಕೈಯಲ್ಲಿರಬೇಕು. ರೋಗಿಯು ಆ ವಾರ ಮತ್ತೆ ಮತ್ತೆ ಬಂದು ತೋರಿಸಿಕೊಳ್ಳಬೇಕು. ಅಮೆರಿಕೆಯ ಫಿಲಡೆಲ್ಫಿಯಾದಲ್ಲಿ 164 ಪುರುಷರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದ ಪ್ರಯೋಗದ ಫಲ 1989ರಲ್ಲಿ ಪ್ರಕಟವಾಯಿತು. ಮೊದಲ ಘಟ್ಟವನ್ನು ಪೂರೈಸಿದವರು ಒಳರೋಗಿಗಳಲ್ಲಿ ಶೇಕಡ 95, ಹೊರರೋಗಿಗಳಲ್ಲಿ ಶೇಕಡ 72. ಹೊರರೋಗಿ ಪದ್ಧತಿಯ ಕುಂದನ್ನು ಮುಚ್ಚಿಡುವುದು ಸಲ್ಲದು. ಆದರೆ ಆರು ತಿಂಗಳ ತರುವಾಯ ನೋಡಿದಾಗ ಎರಡು ಗುಂಪುಗಳಿಗೂ ಗಣನೀಯ ವ್ಯತ್ಯಾಸವೇ ಇರಲಿಲ್ಲ. ವೆಚ್ಚದಲ್ಲಿ ಮಾತ್ರ ಹೊರರೋಗಿಗೆ ತಗುಲಿದುದು ಸರಿಸುಮಾರು ಹತ್ತರಲ್ಲೊಂದು ಪಾಲು.

“ಬೀದಿಯಲ್ಲಿಯೇ ಮದ್ಯದಂಗಡಿ ಇರುವಾಗ ಮನೆಯಲ್ಲಿದ್ದು ಬಿಡುವುದೆಂತು?” ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಆಸ್ಪತ್ರೆಯಿಂದ ಮರಳುವವನೂ ಅದೇ ಬೀದಿಗಲ್ಲವೆ ಬರುವುದು? ಕುಡಿತದ ನೆನಪು ಮಿದುಳಿನಲ್ಲಿ ಒಂಟಿಯಾಗಿರುವುದಿಲ್ಲ. ಸಂಜೆಯ ಹೊತ್ತು, ಕೂಲಿ ಕೈಸೇರಿದ ಗಳಿಗೆ, ಜೊತೆಗಾರನ ಸನ್ನೆ, ಅಂಗಡಿಯ ದೀಪ, ಇವೆಲ್ಲವುಗಳೊಡನೆ ಹೆಣೆದುಕೊಂಡಿರುತ್ತದೆ. ನಗರದ ವಾರ್ಡಿನಲ್ಲಿ ಇವು ಯಾವುವೂ ಇಲ್ಲದ ಕಾರಣ ಅಲ್ಲಿ ಬಿಡುವುದು ಸುಲಭವೆಂದು ತೋರುತ್ತದೆ. ಪರೀಕ್ಷೆ ಎದುರಾಗುವುದು ಊರಿನ ಬಸ್ಸು ಇಳಿದಾಗ. ಆ ದಿನವೂ ಮರುದಿನವೂ ಆರು ತಿಂಗಳ ಮೇಲೆಯೂ ಯಾರನ್ನು ಕಾಣಬೇಕು? ಸಿಹಿಮೂತ್ರದ ರೋಗಿ ತಿಂಗಳಿಗೊಮ್ಮೆ ವೈದ್ಯರನ್ನು ಕಂಡರೆ ಯಾರೂ ಹೀಯಾಳಿಸುವುದಿಲ್ಲ. ಕುಡಿತ ಬಿಟ್ಟವನು ಒಮ್ಮೆ ಜಾರಿದರೆ ಮಾತ್ರ ಚಿಕಿತ್ಸೆಯೇ ಸುಳ್ಳೆನ್ನುತ್ತೇವೆ. ಇದು ಯಾವ ತರ್ಕವೋ ಕಾಣೆ.

ಅಂಗಡಿ ಮುಚ್ಚುವುದೊಂದೇ ಪರಿಹಾರವೆಂಬವರು ನಮ್ಮ ನಾಡಿನ ಅನುಭವವನ್ನು ನೆನೆಯಬೇಕು. ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾದ 2007ನೆಯ ಇಸವಿಯಲ್ಲಿಯೇ ಕರ್ನಾಟಕದಲ್ಲಿ ಸಾರಾಯಿಯ ಮಾರಾಟ ನಿಂತಿತು. ಪೊಟ್ಟಣ ಹೋಯಿತು, ಬಾಟಲಿ ಬಂತು.

ಊರಿನ ಹತ್ತಿರಕ್ಕೆ ಚಿಕಿತ್ಸೆಯನ್ನು ಒಯ್ಯುವುದು ನಮಗೆ ಹೊಸತೇನೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯರು ಹಿಂದಿನ ಶತಮಾನದಲ್ಲಿಯೇ ಗೌರಿಬಿದನೂರು, ಮದ್ದೂರು, ಕನಕಪುರ ಮೊದಲಾದೆಡೆಗಳಿಗೆ ಹೋಗಿ ವಿಸ್ತರಣಾ ಚಿಕಿತ್ಸಾಲಯಗಳನ್ನು ನಡೆಸಿದರು. 1980ರ ದಶಕದಲ್ಲಿ ಅವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋರೋಗಗಳ ಚಿಕಿತ್ಸೆ ಕಲಿಸಿದುದು ಇಡೀ ದೇಶಕ್ಕೆ ಮಾದರಿಯಾಯಿತು. ಕಳೆದ ದಶಕದಲ್ಲಿ ಸರ್ಕಾರವು ಮನೋಚೈತನ್ಯವೆಂಬ ಕಾರ್ಯಕ್ರಮದ ಮೂಲಕ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳುಹಿಸುವ ಏರ್ಪಾಡು ಮಾಡಿತು. ತಜ್ಞರೇ ಇರಬೇಕೆಂಬ ಹಟವೂ ಬೇಡ. ಗೋವೆಯಲ್ಲಿ 377 ಪುರುಷರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರೇ ಆರೋಗ್ಯ ಕೇಂದ್ರಗಳಲ್ಲಿ ಹೆಚ್ಚೆಂದರೆ ನಾಲ್ಕು ಸಲ ಕುಳಿತು ಮಾತನಾಡಿದರು. ಮೂರು ತಿಂಗಳಲ್ಲಿ ಅಪಾಯದ ಮಟ್ಟದಿಂದ ಕೆಳಗಿಳಿದವರು ಅವರ ಗುಂಪಿನಲ್ಲಿ ಶೇಕಡ 36, ಉಳಿದ ಗುಂಪಿನಲ್ಲಿ ಶೇಕಡ 26. ಅವರೆಲ್ಲ ಹಾನಿಕರವಾಗಿ ಕುಡಿಯುತ್ತಿದ್ದವರು, ಪೂರ್ಣ ದಾಸರಾದವರಲ್ಲವೆಂಬುದನ್ನು ಮರೆಯಬಾರದು. ಆದರೆ ದಾಸರಾಗುವ ಮೊದಲೇ ಕೈಹಿಡಿಯುವುದು ಮೇಲಲ್ಲವೆ? ಇನ್ನೊಂದು ಮಾತು. ಚಿಂತಾಮಣಿ ಗೌರಿಬಿದನೂರುಗಳ ಅನೇಕ ಮನೆಗಳಲ್ಲಿ ಆಡುವುದು ತೆಲುಗು. ಮನೆಮಾತಿನಲ್ಲಿ ಕೇಳಿದರೆ ಮಾತ್ರ ಹೊರಬೀಳುವ ಸತ್ಯಗಳುಂಟು. ಆ ಕಡೆಯವರೇ ಆಪ್ತಸಲಹೆಗಾರರಾದರೆ ಅವನ್ನು ಕೇಳಬಲ್ಲರು.

ಗಾಂಜಾ, ಅಫೀಮಿನ ಜಾತಿಯ ಮಾದಕಗಳ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಅಫೀಮಿನ ವರ್ಗಕ್ಕೆ ಬ್ಯೂಪ್ರೆನಾರ್ಫಿನ್ ಎಂಬ ಔಷಧಿಯನ್ನು ಹೊರರೋಗಿಗಳಿಗೇ ಕೊಡುವುದುಂಟು.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿಯ ಜಾಹೀರಾತನ್ನು ನೀವು ಗೋಡೆಗಳ ಮೇಲೆ ಓದಿರಬಹುದು. ಡೈಸಲ್ಫಿರಾಮ್ ಎಂಬ ನಿಜವಾದ ಔಷಧಿಯೊಂದಿದೆ. ಹಾಲ್ಡ್ ಮತ್ತು ಯಾಕೊಬ್ಸೆನ್ ಎಂಬ ಡೆನ್ಮಾರ್ಕಿನ ವಿಜ್ಞಾನಿಗಳು ಜಂತುಹುಳುವಿನ ಮದ್ದೆಂದು ಅದನ್ನು ತಾವೇ ನುಂಗಿ ನೋಡಿದ್ದರು. ಮದ್ಯ ಕುಡಿದಾಗ ಮುಖ ಕೆಂಪೇರಿ ಎದೆ ಹೊಡೆದುಕೊಳ್ಳಲು ಕಾರಣ ಆ ಗುಳಿಗೆಯೇ ಎಂದು ಅರಿತು, 1948ರಲ್ಲಿ ಲೋಕಕ್ಕೆ ತಿಳಿಸಿದರು. ಮದ್ಯಸಾರವು ದೇಹದಲ್ಲಿ ಅಸಿಟಾಲ್ಡಿಹೈಡ್ ಆಗಿ, ಅದು ಮುಂದೆ ಕರಗದಂತೆ ಈ ಔಷಧಿ ತಡೆಯುತ್ತದೆ. ತಿಳಿದು ಒಪ್ಪಿ ನುಂಗುವವನಿಗೆ ಅದು ಕಾವಲು. ತಿಳಿಯದೆ ತಿಂದು ಕುಡಿದವನಿಗೆ ಪ್ರಾಣಕ್ಕೇ ಸಂಚಕಾರ. ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿರೆಂದು ಬದುಕಿಡೀ ಹೇಳಿದ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅವರ ಸೀಮೆಯಲ್ಲಾದರೂ ಈ ಪುಡಿ ಮಾರಾಟವಾಗಬಾರದು. ನಿಮ್ಮಲ್ಲಿ ಕೆಲವರ ಮನೆಯಲ್ಲಿಯೇ ಈ ಸಂಕಟವಿರಬಹುದು. ನಾಚಿಕೆ ಬೇಡ, ತಂದೆಯ ನಡುಕ ಕಂಡರೆ ಆಸ್ಪತ್ರೆಗೆ ಕರೆತನ್ನಿ, ದಾರಿ ತಿಳಿಯದಿದ್ದರೆ 14416ಕ್ಕೆ ದೂರವಾಣಿ ಮಾಡಿ ಕೇಳಿರಿ.

ನಾವು ಬೇಡುವುದು ಅತಿಶಯವಾದುದಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಈ ಕೆಲವೇ ಔಷಧಿಗಳ ದಾಸ್ತಾನು ತೀರದಂತಿರಲಿ. ವಾರದ ಎಲ್ಲ ದಿನಗಳಲ್ಲಿಯೂ ಮಾತನಾಡಿಸಲು ಒಬ್ಬ ಸಲಹೆಗಾರರಿರಲಿ. ಬರುತ್ತಿದ್ದವನು ಬಾರದಿದ್ದರೆ ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸುವ ಪದ್ಧತಿಯಿರಲಿ. ಚೀಟಿಯನ್ನು ಮಾತ್ರ ಬರೆದುಕೊಟ್ಟು ಗುಳಿಗೆಯನ್ನು ಹೊರಗೆ ಕೊಂಡುಕೋ ಎಂದರೆ, ನಡುಗುವ ಕೈಯಲ್ಲಿ ಚೀಟಿ ಹಿಡಿದು ಹೊರಟವನಿಗೆ ದಾರಿಯಲ್ಲಿ ಔಷಧಿಯ ಅಂಗಡಿಗಿಂತ ಮೊದಲು ಮದ್ಯದಂಗಡಿಯೇ ಸಿಗಬಹುದು.