ಹಾಜರಿಪುಸ್ತಕವೂ ತುಂಬುಬಸುರಿಯೂ

ಈ ವಾರ ಕಬಿನಿ ಬಲದಂಡೆ ನಾಲೆಯ ಹೂಳನ್ನು ಕುರಿತು ಬರೆಯಬೇಕೆಂದು ಕುಳಿತಿದ್ದೆನು. ಹೂಳು ತಾನಾಗಿ ಎಲ್ಲಿಗೂ ಹೋಗತಕ್ಕದ್ದಲ್ಲವಾದುದರಿಂದ ಅದು ಮುಂದಿನ ವಾರಕ್ಕೂ ಸಿಕ್ಕೀತು. ಭಾನುವಾರ ಹುಣಸೂರಿನ ಛತ್ರವೊಂದರಲ್ಲಿ ಊಟದ ಪಂಕ್ತಿಯಲ್ಲಿ ನನ್ನ ಬಲಮಗ್ಗುಲಿಗೆ ಕುಳಿತಿದ್ದ ಮಹನೀಯರೊಬ್ಬರು, ಪಾಯಸ ಬಡಿಸುವವನು ತಮ್ಮ ಎಲೆಯನ್ನು ದಾಟಿಹೋದ ಅಸಮಾಧಾನವನ್ನು ಯಾರ ಮೇಲಾದರೂ ತೀರಿಸಿಕೊಳ್ಳಲೇಬೇಕೆಂಬಂತೆ, “ಓದಕ್ಕೆ ಅಂತ ಜರ್ಮನಿಗೆ ಕಳ್ಸುದ್ರೆ ಬಸ್ರಾಗಿ ಕೂತವ್ಳಂತೆ ಕಣ್ರೀ ಮೇಷ್ಟ್ರೆ, ಅಷ್ಟು ದುಡ್ಡೂ ನೀರ್ಗೆ ಹಾಕ್ದಂಗಾಯ್ತು” ಎಂದು ಅಪ್ಪಣೆ ಕೊಡಿಸಿದರು. ಸುತ್ತಣ ನಾಲ್ಕಾರು ಎಲೆಗಳಿಂದ ಹೌದು ಹೌದೆಂಬ ಅನುಮೋದನೆಯೂ ಬಂದಿತು. ಅನಂತರದ ಊಟ ನನಗೆ ರುಚಿಸಲಿಲ್ಲ.

ಆ ಹೆಣ್ಣುಮಗಳನ್ನು ನಾನು ಬಲ್ಲೆನು. ಹೆಸರನ್ನೂ ಊರನ್ನೂ ಇಲ್ಲಿ ಹೇಳುವುದಿಲ್ಲ. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ಮುಗಿದು ಕಪಿಲೆಯ ನೀರು ಹಿಂದಕ್ಕೆ ಏರುತ್ತ ಬಂದಾಗ ಗಂಟುಮೂಟೆಯೊಡನೆ ಊರು ಬಿಟ್ಟೆದ್ದ ಕುಟುಂಬವೊಂದರ ಮೊಮ್ಮಗಳು ಆಕೆ. ತಂದೆ ಹೊಗೆಸೊಪ್ಪಿನ ಬೆಳೆಗಾರ. ಕಟ್ಟೆಮಳಲವಾಡಿಯ ಹರಾಜಿನಲ್ಲಿ ಒಳ್ಳೆಯ ಬೆಲೆ ಬಂದ ವರ್ಷಗಳ ಹಣವನ್ನು ಕೂಡಿಟ್ಟು, ಸಾಲದುದಕ್ಕೆ ಬ್ಯಾಂಕಿನ ಸಾಲವನ್ನೂ ಜೋಡಿಸಿ, ಜರ್ಮನಿಗೆ ಹೋಗುವ ವಿದ್ಯಾರ್ಥಿ ಮುಂಗಡವಾಗಿ ಇಡಲೇಬೇಕಾದ, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬಿಡುವ ಆ ಠೇವಣಿಯನ್ನು ಇಟ್ಟು, ರಸಾಯನಶಾಸ್ತ್ರದ ಉನ್ನತ ವ್ಯಾಸಂಗಕ್ಕೆಂದು ಮಗಳನ್ನು ಕಳುಹಿಸಿದನು. ಕಳುಹಿಸುವುದಕ್ಕೆ ಮೊದಲು ಒಂದು ಷರತ್ತಿತ್ತು. ಪ್ರಾಯದ ಹುಡುಗಿಯನ್ನು ಒಂಟಿಯಾಗಿ ಪರದೇಶಕ್ಕೆ ಕಳುಹಿಸುವುದು ಹೇಗೆಂದು ಬಂಧುವರ್ಗವೆಲ್ಲ ಒಕ್ಕೊರಲಿನಿಂದ ಆಕ್ಷೇಪಿಸಿದುದರಿಂದ, ವೀಸಾ ಬರುವುದಕ್ಕೂ ವಿಮಾನ ಹಾರುವುದಕ್ಕೂ ನಡುವಿನ ಅವಕಾಶದಲ್ಲಿ ಬೆಂಗಳೂರಿನ ಒಬ್ಬ ಎಂಜಿನಿಯರನನ್ನು ಹುಡುಕಿ ತಾಳಿ ಕಟ್ಟಿಸಲಾಯಿತು. ಆ ಮದುವೆಯಲ್ಲಿ ನಾನೂ ಅಕ್ಷತೆ ಹಾಕಿದ್ದೇನೆ. ವಧುವಿನ ಕಿವಿಯ ಬಳಿ ಬಾಗಿ “ಸಿಹಿಸುದ್ದಿ ಯಾವಾಗವ್ವಾ?” ಎಂದು ಕೇಳಿದ ಮುತ್ತೈದೆಯರನ್ನೂ, ಕೇಳಿಸಿ ನಕ್ಕ ಗಂಡಸರನ್ನೂ ಕಣ್ಣಾರೆ ಕಂಡಿದ್ದೇನೆ. ಈಗ ಸಿಹಿಸುದ್ದಿ ಬಂದಿದೆ. ಬಂದ ಹೊತ್ತು ಬಂಧುಗಳ ಪಂಚಾಂಗಕ್ಕೆ ಹೊಂದಲಿಲ್ಲವೆಂಬುದು ಹುಡುಗಿಯ ಅಪರಾಧವಾಗಿದೆ.

ಬಸುರು ಯೋಜನೆಯಂತೆ ಆದುದಲ್ಲ, ನಿಜ. ಗರ್ಭನಿರೋಧದ ಸಾಧನಗಳು ಕೈಕೊಡುವುದುಂಟು ಎಂಬ ಸಾಮಾನ್ಯ ಸತ್ಯವನ್ನು ನಮ್ಮ ಸಂಸತ್ತು 1971ರಷ್ಟು ಹಿಂದೆಯೇ ಗರ್ಭಪಾತದ ಕಾಯಿದೆಯಲ್ಲಿ ಬರೆದಿಟ್ಟಿತು. ಆದರೆ ಅವು ಕೈಕೊಡುವುದು ವಿವಾಹಿತೆಗೆ ಮಾತ್ರವೆಂಬ ವಿಚಿತ್ರ ನಂಬಿಕೆಯೊಡನೆ ಬರೆದುದನ್ನು ತಿದ್ದಿ, ಆ ಜಾಗದಲ್ಲಿ ಯಾವುದೇ ಸ್ತ್ರೀ ಅಥವಾ ಆಕೆಯ ಸಂಗಾತಿ ಎಂದು ಸೇರಿಸಲು 2021ರವರೆಗೆ ಕಾಲ ಹಿಡಿಯಿತು. ಮರುವರ್ಷದ ಸೆಪ್ಟೆಂಬರ್ 29ರಂದು ಸರ್ವೋಚ್ಚ ನ್ಯಾಯಾಲಯವು ಅವಿವಾಹಿತೆಗೂ ವಿವಾಹಿತೆಗೂ ಈ ವಿಷಯದಲ್ಲಿ ಭೇದವೆಣಿಸಲಾಗದೆಂದು ತೀರ್ಪಿತ್ತಿತು. ಹುಣಸೂರಿನ ಊಟದ ಪಂಕ್ತಿಗೆ ಆ ತೀರ್ಪಿನ ಪ್ರತಿ ಇನ್ನೂ ತಲುಪಿಲ್ಲ. ಮಗು ಬೇಕೋ ಬೇಡವೋ ಎಂಬುದನ್ನು ಆ ದಂಪತಿಗಳು ತೀರ್ಮಾನಿಸಿಕೊಂಡಿದ್ದಾರೆ. ಬೇಕು ಎಂದಿದ್ದಾರೆ, ಓದೂ ಬೇಕು ಎಂದು ಆಕೆ ಸೇರಿಸಿದ್ದಾಳೆ. ಎರಡನೆಯ ಬೇಕಿಗೆ ಇಷ್ಟೆಲ್ಲ ಕೋಪ. ಗಂಡನಾದವನ ಕೆಲಸದ ಗತಿಯೇನೆಂದು ಮಾತ್ರ ಯಾರೂ ಕೇಳಲಿಲ್ಲ. ಅಂದ ಹಾಗೆ, ಹಣ ನೀರಿಗೆ ಹೋಯಿತೆಂದು ಮರುಗಿದ ಆ ಮಹನೀಯರ ಸುಪುತ್ರನು ನಾಲ್ಕು ವರ್ಷದ ಪದವಿಯನ್ನು ಏಳು ವರ್ಷ ಓದಿದನು; ಆ ಅವಧಿಯಲ್ಲಿ ಅವನು ಯಾವ ಮಗುವನ್ನೂ ಹೆತ್ತುದಾಗಿ ನನಗೆ ತಿಳಿದುಬಂದಿಲ್ಲ.

ಇನ್ನು ಜರ್ಮನಿಯ ಮಾತು. ಆ ದೇಶದವರು ತಾಯ್ತನದ ರಕ್ಷಣೆಗೆಂದು ದುಡಿಯುವ ಹೆಂಗಸರಿಗಾಗಿ ಮಾಡಿಕೊಂಡಿದ್ದ ಕಾಯಿದೆಯನ್ನು 2018ರ ಜನವರಿ 1ರಿಂದ ವಿದ್ಯಾರ್ಥಿನಿಯರಿಗೂ ವಿಸ್ತರಿಸಿದ್ದಾರೆ. ಹೆರಿಗೆಗೆ ಮೊದಲು ಆರು ವಾರ, ಅನಂತರ ಎಂಟು ವಾರ, ಪರೀಕ್ಷೆಗೆ ಕುಳಿತೇ ತೀರಬೇಕೆಂದು ಯಾರೂ ಬಲಾತ್ಕರಿಸುವಂತಿಲ್ಲ; ತಾನಾಗಿಯೇ ಕುಳಿತುಕೊಳ್ಳುತ್ತೇನೆಂದು ಆಕೆ ಕೇಳಿಕೊಂಡರೆ ಅದಕ್ಕೂ ಅವಕಾಶವುಂಟು. ಪ್ರಯೋಗಶಾಲೆಯ ಯಾವ ದ್ರವ್ಯ ಗರ್ಭಕ್ಕೆ ಹಾನಿಕರವೆಂಬುದನ್ನು ಪರಿಶೀಲಿಸುವ ಹೊಣೆ ವಿಶ್ವವಿದ್ಯಾಲಯದ್ದು. ಬೇಕಾದರೆ ಒಂದು ಸೆಮಿಸ್ಟರ್ ರಜೆ ಪಡೆಯಬಹುದು. ಎಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದುದು, ಹೆರಿಗೆಯಾದ ಮೇಲೆ ಸೂಲಗಿತ್ತಿಯೊಬ್ಬಳು ಮನೆಗೇ ಬಂದು ಬಾಣಂತಿಯನ್ನೂ ಕೂಸನ್ನೂ ನೋಡಿಹೋಗುವ ಪದ್ಧತಿ. ಅದರ ವೆಚ್ಚವನ್ನು ಆರೋಗ್ಯವಿಮೆಯೇ ಭರಿಸುತ್ತದೆ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟು ನಾವೂ ಗೌರವ ಸಲ್ಲಿಸಿದೆವು. ಸಾವಿರಾರು ಹೆರಿಗೆಗಳನ್ನು ಕಾಸು ಪಡೆಯದೆ ಮಾಡಿಸಿದ ಆ ತಾಯಿಗೆ ಪ್ರಶಸ್ತಿಯಾಯಿತು. ಆ ವೃತ್ತಿಗೆ ಸಂಬಳವೊಂದುಂಟೆಂಬ ಯೋಚನೆ ನಮಗೆ ಬರಲಿಲ್ಲ.

ಹೀಗೆಂದಮಾತ್ರಕ್ಕೆ ಹೊರದೇಶಗಳೆಲ್ಲ ಬಸುರಿಗೆ ತವರುಮನೆಯೆಂದು ಭಾವಿಸತಕ್ಕದ್ದಲ್ಲ. ಹೊಸ ದೇಶಕ್ಕೆ ಹೋದ ವಿದ್ಯಾರ್ಥಿನಿಗೆ ಯಜಮಾನರು ಇಬ್ಬರು: ವಿಶ್ವವಿದ್ಯಾಲಯ ಒಂದು, ವೀಸಾ ಕೊಟ್ಟ ಸರಕಾರ ಇನ್ನೊಂದು, ಮೊದಲನೆಯದು ವಿಶ್ರಾಂತಿ ಪಡೆ ಎಂದರೆ ಎರಡನೆಯದು ಓದು ನಿಲ್ಲಿಸಿದವಳಿಗೆ ಇಲ್ಲೇನು ಕೆಲಸವೆಂದು ಕೇಳುತ್ತದೆ. ಬ್ರಿಟನ್ನಿನ 2010ರ ಸಮಾನತೆಯ ಕಾಯಿದೆಯ ಪ್ರಕಾರ ಬಸುರಿ ವಿದ್ಯಾರ್ಥಿನಿಯನ್ನು ಯಾವ ಕಾಲೇಜೂ ಕೀಳಾಗಿ ಕಾಣಕೂಡದು. ವರ್ಷಕ್ಕೆ 776 ಪೌಂಡಿನಂತೆ ಆರೋಗ್ಯಶುಲ್ಕವನ್ನು ವೀಸಾದೊಡನೆಯೇ ತೆತ್ತವಳಿಗೆ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಬೇರೆ ಹಣ ಕೇಳುವುದಿಲ್ಲ. ಆದರೆ ಓದು 60 ದಿನಕ್ಕಿಂತ ಹೆಚ್ಚು ಕಾಲ ನಿಂತಿತೆಂದರೆ, ಸಾಮಾನ್ಯವಾಗಿ ಅದೇ ಕಾಲೇಜು ಆಕೆಯ ವೀಸಾಕ್ಕೆ ತಾನಿತ್ತ ಆಶ್ರಯವನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ. ಆಗ ಆಕೆ ದೇಶ ಬಿಡಬೇಕು. ದಿನ ತುಂಬಿದವಳನ್ನು ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ಅಮೆರಿಕದಲ್ಲಿ 1972ರಷ್ಟು ಹಿಂದೆಯೇ ಬಂದ ಒಂಬತ್ತನೆಯ ಪರಿಚ್ಛೇದ ಎಂಬ ಕಾಯಿದೆ ಬಸುರಿಗೆ ರಜೆ ಕೊಟ್ಟು, ಮರಳಿದಾಗ ಮೊದಲಿದ್ದ ಸ್ಥಾನದಲ್ಲಿಯೇ ಕೂರಿಸಿಕೊಳ್ಳಬೇಕೆನ್ನುತ್ತದೆ. ವಿದೇಶಿ ವಿದ್ಯಾರ್ಥಿಯ ವೀಸಾ ನಿಯಮವೋ, ಪಾಠದ ಹೊರೆಯನ್ನು ಇಳಿಸಿಕೊಳ್ಳಬೇಕಾದರೆ ವೈದ್ಯನ ಶಿಫಾರಸನ್ನು ತಾ, ಒಟ್ಟು ಹನ್ನೆರಡು ತಿಂಗಳು ಮೀರಬೇಡ ಎನ್ನುತ್ತದೆ. ಎಂದರೆ, ಸೃಷ್ಟಿಯ ಅತ್ಯಂತ ಪುರಾತನ ಕ್ರಿಯೆಯನ್ನು ಅಲ್ಲಿ ಒಂದು ಕಾಯಿಲೆಯೆಂದು ಬರೆಸಿಕೊಂಡು ಬರಬೇಕು.

ಹುಟ್ಟಿದ ಶಿಶು ಯಾವ ದೇಶದ್ದು? ಅಮೆರಿಕದ ಅಧ್ಯಕ್ಷರು 2025ರ ಜನವರಿ 20ರಂದು ಜನ್ಮಸಿದ್ಧ ಪೌರತ್ವವನ್ನು ಕುರಿತು ಹೊರಡಿಸಿದ ಆಜ್ಞೆಯ ಮತ್ತು ಅದರ ಮೇಲಿನ ವ್ಯಾಜ್ಯಗಳ ಕಥೆಯನ್ನು ಓದುಗರು ಪತ್ರಿಕೆಗಳಲ್ಲಿ ಕಂಡಿದ್ದಾರೆ. ನಾನು ಮತ್ತೆ ಹೇಳುವುದಿಲ್ಲ. ವಿದ್ಯಾರ್ಥಿವೀಸಾದ ಮೇಲೆ ಹೋದ ಭಾರತೀಯ ತಂದೆತಾಯಿಗಳ ಕೂಸು ಜರ್ಮನಿಯಲ್ಲಿ ಹುಟ್ಟಿದರೆ ಜರ್ಮನ್ ಆಗುವುದಿಲ್ಲ, ಬ್ರಿಟನ್ನಿನಲ್ಲಿ ಹುಟ್ಟಿದರೆ 1983ರಿಂದೀಚೆಗೆ ಬ್ರಿಟಿಷ್ ಆಗುವುದಿಲ್ಲ. ಅದು ಭಾರತೀಯವಾಗಬೇಕಾದರೆ ಒಂದು ವರ್ಷದೊಳಗೆ ನಮ್ಮ ದೂತಾವಾಸದಲ್ಲಿ ಹೆಸರು ಬರೆಸಬೇಕು. ಹಸಿಬಾಣಂತಿ ಅರ್ಜಿಯ ನಮೂನೆಗಳನ್ನು ತುಂಬುತ್ತ ಕುಳಿತಿರುವುದನ್ನು ಕಲ್ಪಿಸಿಕೊಳ್ಳಲು ಪಿರಿಯಾಪಟ್ಟಣದವರಿಗೆ ಕಷ್ಟವಾಗಲಾರದು. ಅವರ ಬೈಲುಕುಪ್ಪೆಯ ಟಿಬೆಟನ್ ನೆರೆಹೊರೆಯವರು ಜನನಕ್ಕೂ ಪೌರತ್ವಕ್ಕೂ ನಡುವಿನ ಕಾಗದದ ಕಂದಕವನ್ನು ತಲೆಮಾರುಗಳಿಂದ ದಾಟುತ್ತ ಬಂದವರು: 1950ರ ಜನವರಿ 26ರಿಂದ 1987ರ ಜುಲೈ 1ರ ವರೆಗೆ ಈ ನೆಲದಲ್ಲಿ ಹುಟ್ಟಿದವರೆಲ್ಲ ಜನ್ಮತಃ ಭಾರತೀಯರೆಂದು ಕಾಯಿದೆ ಸ್ಪಷ್ಟವಾಗಿ ಹೇಳಿದ್ದರೂ, ಅದನ್ನು ಅವರ ವಿಷಯದಲ್ಲಿ ಒಪ್ಪಿಸುವುದಕ್ಕೆ 2010ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವೂ 2013ರಲ್ಲಿ ನಮ್ಮದೇ ಕರ್ನಾಟಕದ ಉಚ್ಚ ನ್ಯಾಯಾಲಯವೂ ಬಾಯಿಬಿಟ್ಟು ಹೇಳಬೇಕಾಯಿತು.

ಕಾಗದದ ಕಷ್ಟ ಹಾಗಿರಲಿ, ಬಾಣಂತನದ ಕಷ್ಟ ಬೇರೆ. ನಮ್ಮ ಹುಡುಗಿಯ ತಾಯಿ ತಾನೇ ಹೋಗಿ ಮೆಣಸಿನ ಸಾರು ಕಾಯಿಸಿ, ಎಣ್ಣೆನೀರು ಹಾಕಿ, ಸಾಂಬ್ರಾಣಿಯ ಹೊಗೆ ಕೊಟ್ಟು ಬರಬೇಕೆಂದು ಆಸೆಪಡುತ್ತಾಳೆ. ಆದರೆ ಹುಡುಗಿಯ ದಿನ ತುಂಬುವುದು ಭಾದ್ರಪದದ ಸುಮಾರಿಗೆ. ಆಗ ಇಲ್ಲಿ ಹೊಗೆಸೊಪ್ಪಿನ ಬ್ಯಾರನ್ನುಗಳ ಒಲೆ ಹಗಲಿರುಳೂ ಉರಿಯುತ್ತಿರುತ್ತದೆ. ಉರಿ ಒಂದಿಷ್ಟು ಹೆಚ್ಚುಕಡಿಮೆಯಾದರೆ ವರ್ಷದ ದುಡಿಮೆ ಬಣ್ಣಗೆಡುತ್ತದೆ. ಮಗಳ ಸಾಲ ತೀರಬೇಕಾದುದು ಅದೇ ಒಲೆಯಿಂದ. ಹೋದರೂ ಭೇಟಿಯ ವೀಸಾದ ಮೇಲೆ 90 ದಿನಕ್ಕಿಂತ ಹೆಚ್ಚು ಇರಲಾಗದು, ಮತ್ತು ಆ ತಂಪು ಸೀಮೆಯ ಬಾಡಿಗೆಯ ಕೋಣೆಯಲ್ಲಿ ಸಾಂಬ್ರಾಣಿ ಹಾಕಿದರೆ ಬೆಂಕಿಯ ಎಚ್ಚರಿಕೆಯ ಗಂಟೆ ಬಾರಿಸುತ್ತದೆಂದು ಮಗಳೇ ಫೋನಿನಲ್ಲಿ ತಾಯಿಗೆ ಹೇಳಿ ನಕ್ಕಳಂತೆ. ನಗುವಷ್ಟು ಧೈರ್ಯ ಆಕೆಗಿದೆ.

ಇಂಥ ಸಂದರ್ಭದಲ್ಲಿ ವಿವೇಕಿಗಳು ತಪ್ಪದೆ ಒಂದು ಆದರ್ಶವನ್ನು ಮುಂದಿಡುತ್ತಾರೆ. 1922ರಲ್ಲಿ ನಂಜನಗೂಡಿನಲ್ಲಿ, ಇದೇ ಕಪಿಲೆಯ ತೀರದಲ್ಲಿ, ಹುಟ್ಟಿದ ರಾಜೇಶ್ವರಿ ಚಟರ್ಜಿಯವರು 1947ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮುಗಿಸಿ ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ, ಅನಂತರ ಮದುವೆಯಾದರಲ್ಲವೆ, ಹಾಗಿರಬೇಡವೆ ಎಂದು ಕೇಳುತ್ತಾರೆ. ಆ ಮಹಾಮಹಿಳೆಯ ವಿಷಯದಲ್ಲಿ ನನ್ನ ಗೌರವ ಯಾರ ಗೌರವಕ್ಕೂ ಕಡಿಮೆಯದಲ್ಲ. ಆದರೆ ಆಕೆಯನ್ನು ಯಾರೂ ಮದುವೆ ಮಾಡಿ ಹಡಗು ಹತ್ತಿಸಿರಲಿಲ್ಲವೆಂಬುದನ್ನೂ ಜೊತೆಗೆ ಹೇಳಬೇಕು. ಇನ್ನೊಂದು ದೃಷ್ಟಾಂತವೂ ಇದೆ: ಕಲಕತ್ತೆಯ ಕಾದಂಬಿನಿ ಗಂಗೂಲಿಯವರು 1893ರಲ್ಲಿ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಸ್ಕಾಟ್ಲೆಂಡಿಗೆ ಹೋಗಿ ವೈದ್ಯಕೀಯದ ಉನ್ನತ ಅರ್ಹತೆಗಳನ್ನು ಪಡೆದು ಬಂದರು. ಅದಕ್ಕೆ ಮೊದಲೇ ಆಕೆ ವೈದ್ಯೆಯಾಗಿ ಹೆಸರಾದುದನ್ನು ಸಹಿಸಲಾರದ ಒಂದು ಪತ್ರಿಕೆ ಆಕೆಯ ಶೀಲದ ಮೇಲೆ ಕೆಸರೆರಚಿತ್ತು, ಅದರ ಸಂಪಾದಕ ಜೈಲಿಗೂ ಹೋಗಿಬಂದಿದ್ದನು. ಪಂಕ್ತಿಯ ಮಹನೀಯರ ಪೂರ್ವಜರು ಬಂಗಾಳದಲ್ಲಿಯೂ ಇದ್ದರೆಂದಾಯಿತು.

ಈಗ ನನ್ನ ಹಳೆಯ ಜಗಳಕ್ಕೆ ಬರುತ್ತೇನೆ. ಓದುಗರು ನಿರೀಕ್ಷಿಸಿಯೇ ಇರುತ್ತೀರಿ. ಹಾಜರಿಪುಸ್ತಕವನ್ನು ನಾನು ಇಪ್ಪತ್ತು ಬಾರಿಯಾದರೂ ಈ ಅಂಕಣದಲ್ಲಿ ಬೈದಿರಬಹುದು, ಮತ್ತೂ ಬೈಯುವವನಿದ್ದೇನೆ. ಜ್ಞಾನ ಬಂದಿತೆ ಎಂಬುದನ್ನು ಅಳೆಯಲಾರದ ವ್ಯವಸ್ಥೆಯೊಂದು ದೇಹ ಬಂದಿತೆ ಎಂಬುದನ್ನು ಅಳೆದು, ನೂರಕ್ಕೆ 75 ಬಂದರೆ ವಿದ್ವಾಂಸನೆಂದೂ 74 ಬಂದರೆ ಭ್ರಷ್ಟನೆಂದೂ ನಿರ್ಣಯಿಸುವ ಈ ವಿಧಾನದಲ್ಲಿ ಒಂದು ದೇಹದೊಳಗೆ ಎರಡು ಜೀವ ಬಂದರೆ ಲೆಕ್ಕ ಹಾಕುವ ಕ್ರಮವೇ ಇಲ್ಲ. ನಾನು ಪಾಠ ಹೇಳುತ್ತಿದ್ದ ಕಾಲೇಜೊಂದರಲ್ಲಿ, ಯಾವುದೆಂಬುದು ಬೇಡ, ಹೆಗ್ಗಡದೇವನಕೋಟೆಯ ಕಡೆಯಿಂದ ಬಸ್ಸಿನಲ್ಲಿ ನಿಂತು ಬರುತ್ತಿದ್ದ ಹುಡುಗಿಯೊಬ್ಬಳು ಹೆರಿಗೆಯಾದ ಮೂರನೆಯ ವಾರಕ್ಕೇ ಕೂಸನ್ನು ಅತ್ತೆಯ ಕೈಗಿತ್ತು ತರಗತಿಗೆ ಬಂದು ಕುಳಿತಳು. ಎದೆ ಹಾಲು ಕಟ್ಟಿ ನೋಯುತ್ತಿದ್ದುದರಿಂದ ಮೇಜಿನ ಮೇಲೆ ತಲೆಯಿಟ್ಟವಳನ್ನು ನಿದ್ದೆಮಾಡುತ್ತಿದ್ದಾಳೆಂದು ಎಬ್ಬಿಸಿ ಹೊರಗೆ ನಿಲ್ಲಿಸಿದರು. ಆಕೆಯ ಹಾಜರಿ ಕೊನೆಗೂ ಸಾಲಲಿಲ್ಲ. ಪ್ರಾಂಶುಪಾಲರ ಮುಂದೆ ನಾನು ವಾದಿಸಿದೆನು. ಅವರು ನಿಯಮಾವಳಿಯ ಪುಸ್ತಕವನ್ನು ತೆರೆಯದೆಯೇ ಅದರ ಮೇಲೆ ಕೈಯಿಟ್ಟು ತಲೆಯಾಡಿಸಿದರು. ಅದೇ ವರ್ಷ ಕ್ರಿಕೆಟ್ ಆಡಲು ಊರೂರು ಸುತ್ತಿದ ಹುಡುಗನಿಗೆ ಪೂರ್ತಿ ಹಾಜರಿ ದೊರೆಯಿತು.

ಆ ಕಾಲಕ್ಕೆ ತಾಯ್ತನದ ರಜೆಯ ನಿಯಮವಿರಲಿಲ್ಲ. ಈಗ ಅದೂ ನೆಪವಲ್ಲ. ಸಂಶೋಧನೆಯಲ್ಲಿ ತೊಡಗಿದ ಹೆಂಗಸರಿಗೆ 240 ದಿನಗಳವರೆಗಿನ ತಾಯ್ತನದ ರಜೆಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2016ರಲ್ಲಿಯೇ ವಿಧಿಸಿತು. 2021ರ ಡಿಸೆಂಬರಿನಲ್ಲಿ, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ರಜೆ ಹಾಗೂ ಹಾಜರಿಯ ವಿನಾಯಿತಿಗಳ ನಿಯಮ ರೂಪಿಸಿರೆಂದು ಎಲ್ಲ ವಿಶ್ವವಿದ್ಯಾಲಯಗಳಿಗೂ ಬರೆಯಿತು. ಬಾವಲಿಯ ಗಡಿ ದಾಟಿದರೆ ಸಿಕ್ಕುವ ಕೇರಳದಲ್ಲಿ ಕೋಟ್ಟಯಂನ ಮಹಾತ್ಮಾ ಗಾಂಧಿ ವಿಶ್ವವಿದ್ಯಾಲಯ ಮರುವರ್ಷವೇ 60 ದಿನಗಳ ರಜೆಯನ್ನು ಘೋಷಿಸಿತು. ಮೀರತ್ತಿನ ವಿಶ್ವವಿದ್ಯಾಲಯವೊಂದು ರಜೆ ನಿರಾಕರಿಸಿದಾಗ ಎಂ.ಎಡ್. ವಿದ್ಯಾರ್ಥಿನಿಯೊಬ್ಬಳು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಗಿ 2023ರ ಮೇ ತಿಂಗಳಲ್ಲಿ ಗೆದ್ದು ಬಂದಳು. ಅದೇ ನ್ಯಾಯಾಲಯ 2018ರಲ್ಲಿ ಕಾನೂನು ವ್ಯಾಸಂಗದ ಒಬ್ಬ ಗರ್ಭಿಣಿಗೆ ಹಾಜರಿಯ ನಿಯಮ ನಿಯಮವೇ ಎಂದು ಹೇಳಿ ಕಳುಹಿಸಿತ್ತು. ಐದು ವರ್ಷದಲ್ಲಿ ನ್ಯಾಯಮೂರ್ತಿಗಳ ಮನಸ್ಸೇ ಬದಲಾಯಿತು, ಕಾಲೇಜಿನ ಗುಮಾಸ್ತರ ಮನಸ್ಸಿಗೆ ಇನ್ನೂ ಸಮಯ ಬೇಕು.

ಮೈಸೂರಿಗೆ ಬಂದು ಓದುತ್ತಿರುವ ಪರದೇಶದ ಹೆಣ್ಣುಮಕ್ಕಳನ್ನು ನೆನೆದಾಗ ನನಗೆ ಇನ್ನಷ್ಟು ಸಂಕಟವಾಗುತ್ತದೆ. ಆಫ್ರಿಕದಿಂದ, ಇರಾನಿನಿಂದ, ಯೆಮೆನ್ನಿನಿಂದ ಬಂದವರಿದ್ದಾರೆ. 2021ರಲ್ಲಿ ಕಾಬೂಲು ತಾಲಿಬಾನರ ವಶವಾದಾಗ ಇಲ್ಲಿಯೇ ಸಿಕ್ಕಿಕೊಂಡ ಅಫ್ಘನ್ ವಿದ್ಯಾರ್ಥಿಗಳನ್ನು ನೀವೆಲ್ಲರೂ ಬಲ್ಲಿರಿ. ಅವರಿಗೆ ಹೊಸ ದೇಶವೆಂದರೆ ನಾವೇ. ಅವರಲ್ಲೊಬ್ಬಳು ಬಸುರಾದರೆ ಬಾಡಿಗೆಯ ಮನೆಯೊಡೆಯನು ಏನೆನ್ನುವನು, ಆಸ್ಪತ್ರೆಯ ಸಾಲಿನಲ್ಲಿ ಯಾವ ಭಾಷೆಯಲ್ಲಿ ಆಕೆ ನೋವನ್ನು ಹೇಳುವಳು, ತಾಯಿ ಕಾರ್ಡ್ ಕೇಳಲು ಆಕೆಗೆ ತಿಳಿದೀತೆ ಎಂದು ಜರ್ಮನಿಯನ್ನು ಬೈಯುವ ಪಂಕ್ತಿಯಲ್ಲಿ ಯಾರೂ ಕೇಳುವುದಿಲ್ಲ.

ಮತ್ತೆ ಹಾಜರಿಯ ಮಾತಿಗೆ ಬರುವುದಾದರೆ, ರಾಜಕೀಯ ಸಮಾವೇಶದ ಖಾಲಿ ಕುರ್ಚಿಗಳನ್ನು ತುಂಬಲು ಬಸ್ಸುಗಳಲ್ಲಿ ಹೇರಿಕೊಂಡು ಹೋದ ದಿನಕ್ಕೆ ವಿದ್ಯಾರ್ಥಿಗಳಿಗೆ ಹಾಜರಿ ಕೊಡುವ ಕಾಲೇಜುಗಳನ್ನು ನಾನು ಬಲ್ಲೆನು. ಕರ್ತವ್ಯನಿಮಿತ್ತ ಹೋದರೆಂದು ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕುತ್ತಾರೆ. ಆದುದರಿಂದ ನಮ್ಮ ಸೀಮೆಯ ಬಸುರಿ ವಿದ್ಯಾರ್ಥಿನಿಯರಿಗೆ ನನ್ನದೊಂದು ಸಲಹೆ: ನೋವು ಕಾಣಿಸಿಕೊಂಡೊಡನೆ ಆಸ್ಪತ್ರೆಗೆ ಒಬ್ಬ ಮಂತ್ರಿಯನ್ನು ಭಾಷಣಕ್ಕೆ ಕರೆಸಿಕೊಳ್ಳಿ, ಹೆರಿಗೆ ಎಷ್ಟು ಹೊತ್ತು ನಡೆದರೂ ಭಾಷಣ ಅದಕ್ಕಿಂತ ಮೊದಲು ಮುಗಿಯುವುದಿಲ್ಲ, ಹಾಜರಿಯೂ ಪೂರ್ತಿ ಬೀಳುತ್ತದೆ.